ಕುಬಸಕ್ಕೆ ಮಾರಿದ ಕೋಳಿಗಳು

ಮೇಲವಂಕಿ
೨೩ ನವೆಂಬರ್ ೨೦೨೪

ಪ್ರೀತಿಯ ಅವ್ವನಿಗೆ ಮೇಘಾಳ ಜೈ ಜಿನೇಂದ್ರ.

ಮೊಣಕಾಲು ನೋವು ಹೇಗಿದೆ? ಬಸದಿಯ ಮೆಟ್ಟಿಲು ಹತ್ತುವಾಗ ಯಾರಾದರೂ ಕೈ ಹಿಡಿಯುತ್ತಾರೋ ಇಲ್ಲವೋ? ವರ್ಧಮಾನ ಅಣ್ಣನಿಗೆ ಪುರುಸೊತ್ತು ಎಲ್ಲಿಯದು ಬಿಡು. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವ ಮೊದಲು ಒಂದು ಸಲ ಓದು. ನನಗೀಗ ಏಳು ತಿಂಗಳು. ಕಾಲು ಬಾತಿವೆ, ಊಟ ಸೇರುತ್ತದೆ.

ಮೊನ್ನೆ ಚೊಚ್ಚಲ ಬಸಿರಿನ ಕುಬಸ ಆಯಿತು. ತವರಿನವರು ಹಸಿರು ಸೀರೆ ತರಬೇಕು, ನೀನು ಬರಲಿಲ್ಲ. ಸಂಜೆತನಕ ಬಾಗಿಲಲ್ಲೇ ಕೂತಿದ್ದೆ. ಕೊನೆಗೆ ಅತ್ತೆ ಶೆಟ್ಟೆವ್ವ ತನ್ನ ಪೆಟ್ಟಿಗೆಯಿಂದ ಸೀರೆ ತೆಗೆದು, “ಬಾ ಯವ್ವಾ, ನಾನ ಉಡಿ ತುಂಬತೇನಿ. ಹೊಟ್ಟ್ಯಾಗಿನ ಕೂಸಿಗೆ ಜಾತಿ ಏನ್ ಗೊತ್ತೈತಿ?” ಎಂದಳು. ಕುರಿ ಕಾಯುವವರ ಮನೆಯ ಆ ಹೆಂಗಸಿಗೆ ಇರುವ ಕರುಳು ಹೆತ್ತವಳಿಗೆ ಇಲ್ಲವಲ್ಲ!

ಕೋಳಿ ಹೋದರೆ ಬರುತ್ತೇನೆ ಎಂದವಳು ನೀನೇ. ನಾನು ಸಿದ್ರಾಯನನ್ನು ಮದುವೆಯಾದದ್ದನ್ನು ನೀನು ಹೇಗೋ ತಾಳಿಕೊಂಡೆ, ಅಂಗಳದ ಕೋಳಿಗಳನ್ನು ತಾಳಿಕೊಳ್ಳಲಿಲ್ಲ. ಅವನ್ನು ಹೇಗೆ ಸಾಕಿದ್ದೆ ಗೊತ್ತೇ? ಶುರುವಿನಲ್ಲಿ ನನಗೇನೂ ತಿಳಿಯದು. ಗೂಡಿನಲ್ಲಿ ಬೂದಿ ಯಾಕೆ, ಮೊಟ್ಟೆಯ ಸಿಪ್ಪೆ ತೆಳ್ಳಗಾದರೆ ಏನು ತಿನ್ನಿಸಬೇಕು, ಪುಕ್ಕ ಉದುರುವಾಗ ಮೊಟ್ಟೆ ಯಾಕೆ ನಿಲ್ಲುತ್ತದೆ ಎಂದು ಕೇಳಿ ಕೇಳಿ ಅತ್ತೆಯ ತಲೆ ತಿಂದೆ. ಆದರೆ ಹುಂಜ ಮಾತ್ರ ಬೇಡವೆಂದೆ. ಹುಂಜವಿಲ್ಲದಿದ್ದರೂ ಕೋಳಿ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯಲ್ಲಿ ಮರಿ ಆಗುವುದಿಲ್ಲ, ಯಾವ ಜೀವವೂ ಹೋಗುವುದಿಲ್ಲ. “ಹುಂಜ ಇಲ್ಲದ ಮನಿ! ಬೆಳಗಾದದ್ದು ಹೆಂಗ ಗೊತ್ತಾಕೈತಿ ನಿಮಗ?” ಎಂದು ಓಣಿಯವರೆಲ್ಲ ನಕ್ಕರು. ನಗಲಿ ಅಂದುಕೊಂಡೆ. ಮೊಟ್ಟೆ ನಿಲ್ಲಿಸಿದ ಮುದಿ ಕೋಳಿಗಳನ್ನೂ ಕೊಯ್ಯಲು ಬಿಡದೆ ಜೋಳ ಹಾಕಿದೆ. ನಿನ್ನ ಮಗಳಾಗಿ ಅಷ್ಟನ್ನಾದರೂ ಉಳಿಸಿಕೊಳ್ಳೋಣ ಅಂತ. ನೀನು ಹೇಳಿದ್ದೇನು? “ಹುಂಜ ಇದ್ದರೇನ, ಬಿಟ್ಟರೇನ, ಹೊಲಸಂದರ ಹೊಲಸ. ಅವು ಇರೂತನಕ ನಾ ನಿನ್ನ ಹೊಸ್ತಿಲಾ ತುಳಿಯೂದಿಲ್ಲ.”

ಕುಬಸಕ್ಕೆ ವಾರ ಮೊದಲು ಎಲ್ಲವನ್ನೂ ಮಾರಿ ನಿನಗೆ ಹೇಳಿ ಕಳಿಸಿದೆ. ಟೆಂಪೋದವನು, “ಸಾಕಾಕ ಒಯ್ಯಾಕತ್ತೇನ್ರಿ ಅಕ್ಕಾರ, ಕೊಯ್ಯಾಕಲ್ಲ” ಎಂದು ಆಣೆ ಮಾಡಿದ. ನಂಬಿದೆ. ನಂಬದೆ ಏನು ಮಾಡಲಿ? ನನಗೆ ನೀನು ಬೇಕಾಗಿತ್ತು.

ಹೋಗಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಲೆಂದು ಹಂಬಲಿಸುತ್ತಿದ್ದೇನೆ. ಸಿಟ್ಟಿನಲ್ಲಿ ಬರೆದದ್ದನ್ನು ಹೊಟ್ಟೆಗೆ ಹಾಕಿಕೊಂಡು ಬರುವ ವಾರ ಅಣ್ಣನನ್ನು ಕಳಿಸು, ಬಟ್ಟೆ ಕಟ್ಟಿಕೊಂಡು ಕೂತಿರುತ್ತೇನೆ. ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ಹೇಳು. ಹೊತ್ತು ಮುಳುಗುವ ಮೊದಲು ಉಣ್ಣು, ಹಟ ಹಿಡಿದು ಉಪವಾಸ ಮಾಡಬೇಡ.

ನಿನಗೆ ಬೇಡವಾದರೂ ನಿನ್ನ ಮಗಳೇ,
ಮೇಘಾ

ತಾ.ಕ.: ಕಾಗದ ಮಡಚುವಾಗ ಸಿದ್ರಾಯ ನಿನ್ನೂರು ಹುಕ್ಕೇರಿಯ ಸಂತೆಯಿಂದ ಬಂದ. ನನ್ನ ಕೋಳಿಗಳನ್ನು ಅಲ್ಲಿ ಚಿಕನ್ ಅಂಗಡಿಯ ಪಂಜರದಲ್ಲಿ ಕಂಡನಂತೆ. ಉಳಿದದ್ದು ಎರಡೇ. ಅಂಗಡಿ ಇರುವುದು ನಮ್ಮ ಮಳಿಗೆಯಲ್ಲಿ ಅವ್ವಾ, ಅಪ್ಪ ನಿನ್ನ ಹೆಸರಿಗೆ ಬರೆದ ಕಟ್ಟಡದಲ್ಲಿ. ಅಣ್ಣನೇ ಬಾಡಿಗೆಗೆ ಕೊಟ್ಟಿದ್ದಾನೆ, ಬಾಡಿಗೆ ತಿಂಗಳು ತಿಂಗಳು ನಿನ್ನ ಕೈಗೇ ಬರುತ್ತದೆ. ಗೊತ್ತಿಲ್ಲ ಅನ್ನಬೇಡ, ಬಸದಿಗೆ ಹೋಗುವ ದಾರಿಯಲ್ಲೇ ಇದೆ. ಅಣ್ಣನನ್ನು ಕಳಿಸಬೇಡ. ಆ ದುಡ್ಡಿನ ಬಾಣಂತನ ನನಗೆ ಬೇಡ.