ದಾಸಮ್ಮನ ಎಡಗಾಲು

ಮಾರ್ಚ್ 4, ಮಂಗಳವಾರ

ಕುರಿ ಬಿಟ್ಟು ಬಂದೆ. ಹಳ್ಳದ ಕಡೆ ಮೇವಿಲ್ಲ. ಒಂದು ಕುಂಟುತ್ತಿತ್ತು, ಗೊರಸಿನ ಸಂದಿಯಲ್ಲಿ ಮುಳ್ಳು. ಕಿತ್ತು ಹಾಕಿದೆ.

ದಾಸಮ್ಮನ ಎಡಗಾಲು ಇವತ್ತು ಇನ್ನೂ ದಪ್ಪ. ಚಪ್ಪಲಿ ಹೋಗುವುದಿಲ್ಲ. ಒತ್ತಿದರೆ ಗುಳಿ ಬೀಳುತ್ತೆ, ಮೇಲೇಳಲ್ಲ. ಆದರೂ ಹಟ್ಟಿ ಗುಡಿಸುತ್ತಾಳೆ. ಬೈದೆ. ಹೆಂಡತಿ ಯಾವತ್ತು ಕೇಳಿದ್ದಾಳೆ.

ಮಗಳು ಅನುಷಾ ಕನಕಪುರದಿಂದ ಫೋನ್ ಮಾಡಿದಳು. ಗುರುವಾರ ರಾಮನಗರದಲ್ಲಿ ಸ್ಕ್ಯಾನಿಂಗ್ ಅಂತೆ. ಸೊಳ್ಳೆಯಿಂದ ಬಂದ ಆನೆಕಾಲು ಅಂತ ಹತ್ತು ಸಲ ಹೇಳಿದ್ದೇನೆ. ರಕ್ತ ನೋಡಿದವರು ಅಲ್ಲ ಅಂದರು. ಅವರಿಗೇನು ಗೊತ್ತು.

ಸಾಯಂಕಾಲ ಸಾತನೂರಿನಿಂದ ತಿಮ್ಮೇಶ್ ಬಂದಿದ್ದ. ನಮ್ಮಕ್ಕ ಚಿನ್ನಮ್ಮನ ಮಗ. "ಮಾವ, ಅವ್ವನ ಕೈ ಊದ್ಕೊಂಡೈತೆ. ಒಂದು ಬರೆ ಎಳ್ದುಬುಡು." ಸ್ಕ್ಯಾನಿಂಗ್ ಮುಗಿಯಲಿ, ಬತ್ತೀನಿ ಅಂದೆ.

ಕುರಿ ಕಾಲು ಊದಿದರೂ ಮನುಷ್ಯನ ಕಾಲು ಊದಿದರೂ ಇಲ್ಲಿಗೇ ಬರಬೇಕು. ಕಬ್ಬಿಣ ಕೆಂಪಗೆ ಕಾಯಿಸಿ ಸುತ್ತಲೂ ಬರೆ. ಊತ ಮೇಲೆ ಹತ್ತದಂತೆ ಬೇಲಿ. ಅಪ್ಪ ಕಲಿಸಿದ್ದು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಮರ್ಯಾದೆ ಕೊಟ್ಟ ವಿದ್ಯೆ.

ಮಾರ್ಚ್ 6, ಗುರುವಾರ. ರಾಮನಗರ, 11 ಗಂಟೆ

ದಾಸಮ್ಮ ಒಳಗೆ. ಮೆಷೀನಿನ ಸದ್ದು ಹೊರಗೂ ಕೇಳುತ್ತೆ, ಬೋರ್‌ವೆಲ್ ಕೊರೆದ ಹಾಗೆ. ನಲವತ್ತು ನಿಮಿಷವಂತೆ. ಕೂತೆ, ಎದ್ದೆ, ಮತ್ತೆ ಕೂತೆ. ಅನುಷಾಗೆ ಸಿಟ್ಟು — "ಅಪ್ಪಾ, ಒಸಿ ಒಂದ್ಕಡೆ ಇರು."

ಡಾಕ್ಟರಮ್ಮನ ಹೆಸರು ಕೆಹಕಶಾನ್. ಮಗಳ ವಯಸ್ಸು. ನಿಧಾನಕ್ಕೆ ಬಿಡಿಸಿ ಹೇಳಿದಳು. ರಕ್ತದ ನಾಳ ಬೇರೆ, ಇದು ಬೇರೆ. ಮೈಯಲ್ಲಿ ಜಿನುಗುವ ತಿಳಿನೀರು ವಾಪಸ್ ಹೋಗುವುದಕ್ಕೆ ಕೂದಲಿನಂಥ ದಾರಿಗಳಿವೆ. ಆ ದಾರಿಯ ಫೋಟೋ. ಸೂಜಿ ಇಲ್ಲ, ಔಷಧಿ ಏರಿಸುವುದಿಲ್ಲ. ನೀರಿದ್ದ ಕಡೆ ತಾನೇ ಬೆಳ್ಳಗೆ ಕಾಣುತ್ತದಂತೆ.

ಸ್ಕ್ಯಾನಿಂಗ್ ಮುಗಿದ ಮೇಲೆ ದಾಸಮ್ಮನ ಸೀರೆ ಎತ್ತಿ ಕಾಲು ನೋಡಿದಳು. "ಮೊಣಕಾಲಿನ ಕೆಳಗೆ ಇದೇನಮ್ಮ ಗುರುತು?"

"ಒಲೆ ತಾಗ್ತು ಕಣವ್ವ."

"ಒಲೆ ಹೀಗೆ ಸುತ್ತು ಬಳಸಿ ತಾಗುತ್ತಾ?"

"ನಮ್ಮೊಲೆ ಅಂಗೇಯ."

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಮಾರ್ಚ್ 7

ಕೂತಲ್ಲಿ ಕೂರಲಾಗುತ್ತಿಲ್ಲ. ಕುರಿ ಎರಡು ಸಲ ಎಣಿಸಿದೆ. ಎರಡು ಸಲವೂ ಬೇರೆ ಬೇರೆ ಲೆಕ್ಕ.

ಅನುಷಾ ಆಗ ಇನ್ನೂ ಸ್ಕೂಲಿಗೆ ಹೋಗುತ್ತಿದ್ದಳು. ಬದು ದಾಟುವಾಗ ದಾಸಮ್ಮನ ಕಾಲು ಉಳುಕಿತು, ಪಾದ ಊದಿತು. ಬರೆ ನಾನೇ ಹಾಕಿದೆ. ಆಳವಾಗಿ ಹಾಕಿದೆ, ಹೆಂಡತಿ, ಪೂರ್ತಿ ವಾಸಿಯಾಗಲಿ ಅಂತ. ಹದಿನೈದು ದಿನಕ್ಕೆ ಊತ ಇಳಿಯಿತು. ಕಾಲು ಉಳಿಸಿದೆ ಅಂತ ಊರೆಲ್ಲ ಹೇಳಿಕೊಂಡು ಬಂದೆ. ಮೂರು ವರ್ಷದ ಮೇಲೆ ಮತ್ತೆ ಬಂತು. ಅದು ಬೇರೆ ರೋಗ ಅಂದುಕೊಂಡೆ.

ಬೇರೆಯೇ. ಫೋಟೋ ಬರಲಿ. ನಾನೇ ಸರಿ ಅಂತ ಗೊತ್ತಾಗುತ್ತೆ.

ಮಾರ್ಚ್ 10, ಸೋಮವಾರ

ಫೋಟೋ ನೋಡಿದೆ. ಕಪ್ಪು ಹಾಳೆ. ಬಲಗಾಲಿನಲ್ಲಿ ಬಿಳಿ ಎಳೆ, ರೇಷ್ಮೆ ಬಿಚ್ಚಿದ ಹಾಗೆ, ತೊಡೆವರೆಗೂ ಹೋಗಿದೆ. ಎಡಗಾಲಿನಲ್ಲಿ ಪಾದದಿಂದ ಬರುತ್ತೆ, ಬರುತ್ತೆ… ಮೊಣಕಾಲಿನ ಕೆಳಗೆ ನಿಂತಿದೆ. ಅಲ್ಲಿಂದ ಕೆಳಗೆಲ್ಲ ಬೆಳ್ಳಗೆ ಕಲಸಿಹೋಗಿದೆ. ಒಡ್ಡಿನ ಹಿಂದೆ ನೀರು ನಿಂತ ಹಾಗೆ.

ಒಡ್ಡು ಯಾವುದು ಅಂತ ಯಾರೂ ಹೇಳಬೇಕಾಗಿಲ್ಲ.

ಡಾಕ್ಟರಮ್ಮ ಕೇಳಿದಳು — ಊತ ಮೊದಲಾ, ಸುಟ್ಟಿದ್ದು ಮೊದಲಾ? ಎಷ್ಟು ಆಳ? ಸಣ್ಣ ಆಪರೇಷನ್ ಇದೆ, ಆ ದಾರಿಯನ್ನು ಪಕ್ಕದ ರಕ್ತನಾಳಕ್ಕೆ ಸೇರಿಸುವುದು. ಆದರೆ ನಿಜ ಗೊತ್ತಾಗದೆ ಕೈ ಹಾಕಲ್ಲ ಅಂದಳು. ದಾಸಮ್ಮ ಮತ್ತೆ — "ಒಲೆ."

ಡಾಕ್ಟರಮ್ಮ ನನ್ನನ್ನೂ ಅನುಷಾಳನ್ನೂ ಹೊರಗೆ ಕಳಿಸಿದಳು. ಬಾಗಿಲು ಪೂರ್ತಿ ಹಾಕಿರಲಿಲ್ಲ.

"ನಿಜ ಹೇಳಿ ಅಮ್ಮ. ಯಜಮಾನರು ಹೊಡೆಯುತ್ತಾರಾ?"

"ಅಯ್ಯೋ, ಆವಯ್ಯ ಕೈ ಎತ್ತಾಕಿಲ್ಲ. ಬಾಯೊಂದೇಯ. ಅದು ಕುರಿಗೂ ಅಭ್ಯಾಸ ಆಗೋಗೈತೆ."

ಅನುಷಾ ನಕ್ಕಳು. ನನಗೆ ನಗು ಬರಲಿಲ್ಲ.

ಮಾರ್ಚ್ 19, ಬುಧವಾರ

ಎಂಟು ದಿನ ಬರೆದಿಲ್ಲ. ಪೆನ್ನು ಹಿಡಿದರೆ ಆ ಫೋಟೋ.

ಇವತ್ತು ಕೇಳಿಯೇಬಿಟ್ಟೆ. "ಯಾಕಮ್ಮಿ ಹೇಳಾಕಿಲ್ಲ ನೀನು? ಕಾಲು ನಿಂದು."

"ಹೇಳಿದ್ರೆ ಅವ್ರು ನಿನ್ನ ಬೈತಾರೆ."

"ಬೈಲಿ."

"ನಿನ್ನ ಬೈಯಾಕೆ ನಾನಿವ್ನಿ. ಬ್ಯಾರೆಯವ್ರು ಯಾಕೆ?"

ಕಾಲು ಗೋಡೆಗೆ ಎತ್ತಿಟ್ಟು ಮಲಗಿದಳು. ಪಟ್ಟಿ ಸುತ್ತಿಕೊಟ್ಟೆ, ಅನುಷಾ ತೋರಿಸಿದ ಹಾಗೆ, ಪಾದದಿಂದ ಮೇಲಕ್ಕೆ. ಬರೆಯ ಹತ್ತಿರ ಬಂದಾಗ ಕೈ ನಿಂತಿತು. "ಸುತ್ತು, ಏನಾಗಾಕಿಲ್ಲ" ಅಂದಳು.

ತಿಮ್ಮೇಶ್ ಮೂರನೇ ಸಲ ಫೋನ್ ಮಾಡಿದ. "ಮಾವ, ಕಬ್ಬಿಣ ನಾನೇ ಕಾಯಿಸಿಕ್ಕಂಡಿರ್ಲಾ?"

"ಬ್ಯಾಡ ಕಣ್ಲಾ. ಸೋಮವಾರ ನಿಮ್ಮವ್ವನ್ನ ರಾಮನಗರದ ಬಸ್ ಹತ್ತಿಸು."

"ಯಾಕ್ ಮಾವ?"

"ಹತ್ತಿಸು ಅಂದ್ರೆ ಹತ್ತಿಸ್ಲಾ!" ಅಂತ ಕೂಗಿ ಇಟ್ಟೆ.

ಮಾರ್ಚ್ 24, ಸೋಮವಾರ. ಆಸ್ಪತ್ರೆ, 10.20

ಬೆಂಚಿನ ಮೇಲೆ ಒಂದು ಕಡೆ ದಾಸಮ್ಮ, ಇನ್ನೊಂದು ಕಡೆ ಅಕ್ಕ. ಮಧ್ಯೆ ನಾನು. ಅಕ್ಕ ಊದಿದ ಕೈ ಮಡಿಲಲ್ಲಿಟ್ಟುಕೊಂಡು ಗೊಣಗುತ್ತಾಳೆ — "ಎಲ್ರಿಗೂ ಬರೆ ಹಾಕ್ದೋನು ಒಡಹುಟ್ಟಿದೋಳ್ಗೆ ಹಾಕಾಕಿಲ್ಲ ಅಂತೀಯಲ್ಲ. ನಾನೇನ್ಲಾ ಮಾಡ್ದೆ ನಿಂಗೆ?"

ಏನೂ ಮಾಡಿಲ್ಲ ಅಕ್ಕ.

ಇನ್ನು ಇಬ್ಬರಾದ ಮೇಲೆ ನಮ್ಮ ಟೋಕನ್. ದಾಸಮ್ಮ ಕಿವಿಯಲ್ಲಿ — "ಒಲೆ ಅಂತಾನೇ ಅಂತೀನಿ. ನೀ ಬಾಯಿ ಬುಡಬ್ಯಾಡ." ಜೀವಮಾನದಲ್ಲಿ ಒಂದು ಮಾತಿಗೂ ನನ್ನನ್ನು ಬೇಡಿಕೊಂಡವಳಲ್ಲ.

ಅಕ್ಕನ ಕೈ ಹಿಡಿದೆ. ನೀನೂ ನಮ್ಮ ಜೊತೆಗೆ ಒಳಗೆ ಬಾ, ಕೇಳಿಸ್ಕೋ ಅಂದೆ. "ಏನ್ಲಾ?" ಅಂದಳು.

ಕರೆದರು. ದಾಸಮ್ಮ ಗೋಡೆ ಹಿಡಿದು ಏಳುತ್ತಿದ್ದಾಳೆ. ಅವಳು ಬಾಯಿ ತೆಗೆಯುವ ಮೊದಲು ನಾನೇ —