ಹಗುರ ಬಿಲ್ಲಿನ ಬಗ್ಗೆ ತಾತನ ಮೇಲೊಂದು ದೂರು

ಸಮಾಧಿಯಲ್ಲಿ ವಿಶ್ರಮಿಸುತ್ತಿರುವ, ಬಕೊನಿ ಕಾಡಿನ ಸಮಸ್ತ ಜಿಂಕೆಗಳ ವೈರಿ ವೆಂಡೆಲ್ ತಾತನಿಗೆ ಮೊಮ್ಮಗಳು ಬೋರ್ಕಾ ಸಲ್ಲಿಸುವ ದೂರು.

ಇವತ್ತು ಬೇಟೆಗೆಂದು ತುದಿ ಹೊರಬಾಗಿದ ಬಿಲ್ಲು ಕೊಳ್ಳಲು ಹೋಗಿದ್ದೆ. ಹೆದೆ ಎಳೆಯಲು ನಲವತ್ತೈದು ಪೌಂಡಿನ ಬಲ ಸಾಕಾಗುವ ಹಗುರದ್ದನ್ನು ಎಳೆದು ಹತ್ತು ಎಣಿಸಿದರೂ ಕೈ ಅಲುಗಲಿಲ್ಲ. ಹಿಡಿಯಲ್ಲಿ ತುಸು ಭಾರವಿದ್ದುದರಿಂದ ಬಾಣ ಬಿಟ್ಟ ಮೇಲೂ ಬಿಲ್ಲು ನೆಟ್ಟಗೆ ನಿಂತಿತ್ತು. ಅಂಗಡಿಯ ಬಾಲಿಂಟ್ ಮಾಮ ನಕ್ಕರು.

"ಏನಮ್ಮಾ, ಜಿಂಕೆಗೆ ಕಚಗುಳಿ ಇಡ್ತೀಯಾ? ಅರವತ್ತರದ್ದು ತಗೋ."

"ಜಿಂಕೆ ಪಕ್ಕಕ್ಕೆ ತಿರುಗೋವರೆಗೂ ಅದನ್ನ ನೀವೇ ಎಳೆದು ಹಿಡ್ಕೊಳ್ಳಿ ಮಾಮ," ಎಂದೆ ಪರಮ ವಿನಯದಿಂದ. ಐದು ಎಣಿಸುವಷ್ಟರಲ್ಲಿ ಅವರ ಮೀಸೆಯೂ ನಡುಗಿತು. ನಾನು ಹಗುರದ್ದನ್ನೇ ತಂದೆ.

ಆದರೆ ನನ್ನ ಕೋಪವೆಲ್ಲ ನಿನ್ನ ಮೇಲೆ. ನಿನ್ನ ಹಗುರ ಬಿಲ್ಲನ್ನು ನಾನು ಬೇಟೆಗಾರರೆಲ್ಲರ ಎದುರು 'ಅಜ್ಜಿಯ ಲಟ್ಟಣಿಗೆ' ಎಂದು ಆಡಿಕೊಂಡಾಗ, ಬಾಯ್ಮುಚ್ಚೇ ಎಂದು ಗದರಬಾರದಿತ್ತೇ? ನನ್ನ ಮಾತು ಕೇಳಿ ಎಪ್ಪತ್ತರ ವಯಸ್ಸಿನಲ್ಲಿ ಅರವತ್ತು ಪೌಂಡಿನದನ್ನು ಕೊಂಡುಬಿಟ್ಟೆಯಲ್ಲ! ಕೈ ನಡುಗಿ, ಬಾಣ ಜಿಂಕೆಯ ಹೊಟ್ಟೆಗೆ ತಗುಲಿತು. ಗಾಯಗೊಂಡು ಓಡಿದ ಅದು ಎರಡು ದಿನ ಹುಡುಕಿದರೂ ಸಿಗಲಿಲ್ಲ. ಬೇಟೆ ಸಿಕ್ಕವರ ಟೋಪಿಗೆ ಸಿಕ್ಕಿಸುವ ಓಕ್ ರೆಂಬೆಯನ್ನು ನಾನು ಆತುರದಲ್ಲಿ ಮೊದಲೇ ಮುರಿದುಕೊಂಡಿದ್ದೆ. ಅದು ನನ್ನ ಕೈಯಲ್ಲೇ ಬಾಡಿತು.

ಆಮೇಲೆ ನೀನು ಕಾಡಿಗೆ ಹೋಗಲೇ ಇಲ್ಲ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಇದು ಅನ್ಯಾಯ, ತಾತ.