ನೀರುದೋಸೆಗೆ ಫೀಸು

ಮಣಿಪಾಲ
೧೦ ಜೂನ್ ೨೦೦೯

ಕುಕ್ಕುಂದೂರಿನ ಅತ್ತೆಯವರಿಗೆ ಮನೋರಮಾಳ ನಮಸ್ಕಾರಗಳು.

ಫೋನಿನಲ್ಲಿ ಹೇಳಿದರೆ ನೀವು ಅರ್ಧದಲ್ಲೇ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ.

ನಾನು ಕಂಪ್ಯೂಟರಿನ ಕ್ಯಾಮೆರಾದಲ್ಲಿ ನೀರುದೋಸೆ ಕ್ಲಾಸು ಶುರುಮಾಡಿದಾಗ, “ಪುಕ್ಕಟೆ ಕಲಿಯುವಂಥದ್ದಕ್ಕೆ ಯಾರು ಫೀಸು ಕೊಡುತ್ತಾರೆ ಮಾರಾಯ್ತಿ?” ಎಂದು ನಕ್ಕಿರಿ. ನಿಜವೇ. ಮಾಡುವ ವಿಧಾನ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಉಂಟು. ನಾನು ನಯವಾಗಿ ಹೇಳಿಕೊಟ್ಟಷ್ಟು ದಿನ ಒಬ್ಬರೂ ನಿಲ್ಲಲಿಲ್ಲ. ಆಮೇಲೆ ಒಂದು ದಿನ ದುಬೈಯವಳೊಬ್ಬಳು ಕಾವಲಿಯ ಮೇಲೆ ಹಿಟ್ಟನ್ನು ಹೊಯ್ದು ಬಿಡುವ ಬದಲು ಸೌಟಿನಿಂದ ಹರಡುವುದು ಕಂಡು ನನಗೆ ತಡೆಯಲಾಗಲಿಲ್ಲ. “ನೀರುದೋಸೆಯನ್ನು ಹರಡುವುದಾ? ಎಂತ, ಗೋಡೆಗೆ ಸಾರಣೆ ಮಾಡುವುದಾ?” ಎಂದುಬಿಟ್ಟೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನೀವು ನನಗೆ ಬೈದ ಮಾತೇ ಅದು. ಮರುದಿನ ಅವಳು ಗೆಳತಿಯರನ್ನೂ ಸೇರಿಸಿದಳು! ಈಗ ಕ್ಲಾಸು ತುಂಬಿದೆ. ವಿಧಾನ ಪುಕ್ಕಟೆ, ಬೈಗುಳಕ್ಕೆ ಫೀಸು.

ಮೊನ್ನೆ ಶಾರ್ಜಾದಿಂದ ಹೊಸಬಳೊಬ್ಬಳು ಸೇರಿದ್ದಾಳೆ. ನಿಮ್ಮ ಮಗಳು ಚೈತಾಲಿ. ಮದುವೆಗೆ ಮೊದಲು ಒಲೆಯ ಹತ್ತಿರವೂ ಸುಳಿಯದವಳು! ನಾದಿನಿಗೆ ಬೈಯಲು ನನಗೆ ಬಾಯಿ ಬರುವುದಿಲ್ಲ. ದಯವಿಟ್ಟು ಭಾನುವಾರ ಬೆಳಗ್ಗಿನ ಬಸ್ಸಿಗೆ ಬನ್ನಿ. ಅಕ್ಕಿ ನೆನೆಹಾಕಿಟ್ಟಿರುತ್ತೇನೆ. ಕ್ಯಾಮೆರಾದ ಎದುರಿನ ಕುರ್ಚಿ ನಿಮ್ಮದು.

ಮಗಳೆಂದು ಮಾತು ಮೆತ್ತಗೆ ಮಾಡಬೇಡಿ. ಅವಳಿಂದ ಪೂರ್ತಿ ಫೀಸು ತೆಗೆದುಕೊಂಡಾಗಿದೆ.

ನಿಮ್ಮಿಂದ ಪುಕ್ಕಟೆ ಕಲಿತ ಸೊಸೆ,
ಮನೋರಮಾ